ಮೈ ಬಂದಿದೆ, ಕಸುವು ಎಲ್ಲಿ?

ಮುಟ್ಟು ನಿಂತ ನಂತರ ಹೆಣ್ಣಿನ ದೇಹದಲ್ಲಿ ಸ್ನಾಯು, ಬೊಜ್ಜು ಮತ್ತು ಸಕ್ಕರೆಯ ಲೆಕ್ಕ



ಸೊರಬ ತಾಲ್ಲೂಕಿನ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿ ಸೇರಿಹೋಗಿದೆ. ಅದು ಕ್ಯಾಸನೂರು. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗಳ ಜನ ಜ್ವರ ಹಿಡಿದು ಮಲಗಿದರು. ವಿಜ್ಞಾನಿಗಳು ಧಾವಿಸಿ ಬಂದರು, ವೈರಸ್ಸನ್ನು ಪತ್ತೆಹಚ್ಚಿದರು. ಮಂಗನ ಕಾಯಿಲೆ ಎಂದು ನಾವು ಕರೆಯುವುದು ಇದನ್ನೇ. ಅದು ಸದ್ದು ಮಾಡುತ್ತ ಬಂದ ಕಾಯಿಲೆ. ಆದ್ದರಿಂದ ಎಲ್ಲರ ಕಣ್ಣಿಗೂ ಬಿತ್ತು.

ಈಗ ನಾವು ನೋಡಲಿರುವ ವಿಷಯ ಹಾಗಲ್ಲ. ಇದಕ್ಕೆ ಜ್ವರವಿಲ್ಲ, ನೋವಿಲ್ಲ, ಹೆಸರೂ ಬಹಳ ಜನಕ್ಕೆ ಗೊತ್ತಿಲ್ಲ. ಅದೇ ಸೊರಬ ತಾಲ್ಲೂಕಿನ ಉಳವಿ ಹೋಬಳಿಯ ಯಾವುದೇ ಮನೆಯನ್ನು ತೆಗೆದುಕೊಳ್ಳಿ. (ಚೆನ್ನಬಸವಣ್ಣನವರ ಕ್ಷೇತ್ರವಾದ ಉತ್ತರ ಕನ್ನಡದ ಉಳವಿ ಬೇರೆ, ಇದು ಶಿವಮೊಗ್ಗ ಜಿಲ್ಲೆಯ ಉಳವಿ.) ಐವತ್ತು ದಾಟಿದ ತಾಯಿ, ದೊಡ್ಡಮ್ಮ ಅಥವಾ ಸೋದರತ್ತೆ ಒಬ್ಬರು ಅಲ್ಲಿರುತ್ತಾರೆ. "ಇತ್ತೀಚೆಗೆ ಮೈ ಬಂದಿದೆ, ಆದರೆ ಕಸುವೇ ಇಲ್ಲ" ಎಂದು ಅವರು ಹೇಳುವುದನ್ನು ನೀವು ಕೇಳಿರಬಹುದು. ಕೇಳಿ ಸುಮ್ಮನಾಗಿರಲೂಬಹುದು. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಅವರೂ ಸುಮ್ಮನಾಗಿರುತ್ತಾರೆ.

ಆದರೆ ಆ ಒಂದು ಮಾತಿನಲ್ಲಿ ಎರಡು ವೈಜ್ಞಾನಿಕ ಸತ್ಯಗಳು ಅಡಗಿವೆ. ಮೈ ಬಂದದ್ದು ಕೊಬ್ಬಿನಿಂದ. ಕಸುವು ಹೋದದ್ದು ಸ್ನಾಯು ಕರಗಿದ್ದರಿಂದ. ಎರಡೂ ಒಟ್ಟಿಗೇ ನಡೆಯುತ್ತವೆ. ಒಂದು ಇನ್ನೊಂದನ್ನು ಮರೆಮಾಡುತ್ತದೆ.

ದೂರದರ್ಶನದ ಸಂವಾದ ಕಾರ್ಯಕ್ರಮದಲ್ಲಿ ಕ್ಯಾಮರಾ ಮುಖವನ್ನು ತೋರಿಸಬಲ್ಲದು, ವೈದ್ಯರ ಮಾತನ್ನು ಕೇಳಿಸಬಲ್ಲದು. ಚರ್ಮದ ಒಳಗೆ ನಡೆಯುವ ಈ ಬದಲಾವಣೆಯನ್ನು ಮಾತ್ರ ತೋರಿಸಲಾರದು. ಅದನ್ನು ನಿಧಾನವಾಗಿ ಬಿಡಿಸಿ ನೋಡಲು ಈ ಪುಟಗಳು. ಇದು ಹೆಣ್ಣುಮಕ್ಕಳ ವಿಷಯವೆಂದು ಗಂಡುಹುಡುಗರು ಪುಟ ತಿರುವಬೇಡಿ. ನಿಮ್ಮನ್ನು ಹೆತ್ತವರ ಮುಂದಿನ ಮೂವತ್ತು ವರ್ಷ ಹೇಗಿರುತ್ತದೆ ಎಂಬ ಪ್ರಶ್ನೆ ಇದು.

ಋತುಬಂಧ ಎಂದರೇನು?

ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬಾರದಿದ್ದರೆ, ಅದಕ್ಕೆ ಬೇರೆ ಕಾರಣ ಇಲ್ಲದಿದ್ದರೆ, ಅದನ್ನು ವೈದ್ಯರು ಋತುಬಂಧ ಎನ್ನುತ್ತಾರೆ. ಇದು ರೋಗವಲ್ಲ. ಅಂಡಾಶಯಗಳು ತಮ್ಮ ಕೆಲಸವನ್ನು ಮುಗಿಸಿ ವಿಶ್ರಾಂತಿಗೆ ಹೋಗುವ ಸಹಜ ಘಟ್ಟ. ಆದರೆ ಅವು ವಿಶ್ರಾಂತಿಗೆ ಹೋಗುವಾಗ ತಾವು ತಯಾರಿಸುತ್ತಿದ್ದ ಈಸ್ಟ್ರೋಜನ್ ಎಂಬ ಹಾರ್ಮೋನನ್ನೂ ಬಹುಮಟ್ಟಿಗೆ ನಿಲ್ಲಿಸಿಬಿಡುತ್ತವೆ. ಈ ಹಾರ್ಮೋನಿನ ಕೆಲಸ ಗರ್ಭಕೋಶಕ್ಕೆ ಮಾತ್ರ ಸೀಮಿತವಲ್ಲ. ಮೂಳೆ, ಸ್ನಾಯು, ರಕ್ತನಾಳ, ಯಕೃತ್ತು, ಮೆದುಳು ಎಲ್ಲೆಡೆಯೂ ಅದರ ಸಂದೇಶವನ್ನು ಓದುವ ಜೀವಕೋಶಗಳಿವೆ. ಸಂದೇಶ ನಿಂತಾಗ ಅಲ್ಲೆಲ್ಲ ಬದಲಾವಣೆ ಆಗುತ್ತದೆ.

ಪಾಶ್ಚಾತ್ಯ ದೇಶಗಳಲ್ಲಿ ಋತುಬಂಧದ ಸರಾಸರಿ ವಯಸ್ಸು ಸುಮಾರು 51. ನಮ್ಮ ದೇಶದಲ್ಲಿ ಅದು ಸುಮಾರು 46, 47. ಎಂದರೆ ನಮ್ಮ ಹೆಣ್ಣುಮಕ್ಕಳು ಈಸ್ಟ್ರೋಜನ್ನಿನ ಆಸರೆಯನ್ನು ನಾಲ್ಕೈದು ವರ್ಷ ಮೊದಲೇ ಕಳೆದುಕೊಳ್ಳುತ್ತಾರೆ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯ ಸಂಶೋಧಕರು 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ಅಂಶಗಳನ್ನು ವಿಶ್ಲೇಷಿಸಿ, ನಲವತ್ತು ತುಂಬುವ ಮೊದಲೇ ಋತುಬಂಧ ಕಾಣುವವರು ಭಾರತದಲ್ಲಿ ಕಡಿಮೆಯೇನಲ್ಲ ಎಂಬ ಕಡೆಗೆ ಗಮನ ಸೆಳೆದಿದ್ದರು.

ಇನ್ನೊಂದು ಬಗೆಯ ಋತುಬಂಧವೂ ಇದೆ. ಅದು ಶಸ್ತ್ರಚಿಕಿತ್ಸೆಯಿಂದ ಬರುವುದು. ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದುಹಾಕಿದರೆ ಈಸ್ಟ್ರೋಜನ್ ನಿಧಾನವಾಗಿ ಇಳಿಯುವುದಿಲ್ಲ, ಒಮ್ಮೆಗೇ ಬೀಳುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಮಹಿಳೆಯರಿಗೆ ಅಗತ್ಯವಿಲ್ಲದೆಯೂ ಗರ್ಭಕೋಶ ತೆಗೆಯಲಾಗಿದೆ ಎಂಬ ದೂರು 2015ರಲ್ಲಿ ರಾಜ್ಯದ ಗಮನ ಸೆಳೆದಿತ್ತು. ಬೇರೆ ರಾಜ್ಯಗಳ ಇಂಥದೇ ದೂರುಗಳ ಮೇಲೆ ನಡೆದ ಮೊಕದ್ದಮೆಯಲ್ಲಿ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. "ಮಕ್ಕಳಾದವಲ್ಲ, ಇನ್ನೇತಕ್ಕೆ ಅದು?" ಎಂದು ಯಾರಾದರೂ ಹಗುರವಾಗಿ ಹೇಳಿದರೆ, ಎರಡನೆಯ ವೈದ್ಯರ ಅಭಿಪ್ರಾಯ ಕೇಳುವಂತೆ ಮನೆಯವರಿಗೆ ತಿಳಿಸಿ. ತೆಗೆಯಲೇಬೇಕಾದ ಸಂದರ್ಭಗಳು ಉಂಟು. ಆದರೆ ಅದು ಬೇಡವಾದ ವಸ್ತುವೇನಲ್ಲ.

ತಕ್ಕಡಿ ಹೇಳದ ಲೆಕ್ಕ

ಸ್ನಾಯು ಎಂದರೆ ಸಾವಿರಾರು ಸೂಕ್ಷ್ಮ ಎಳೆಗಳ ಕಟ್ಟು. ಈ ಎಳೆಗಳಲ್ಲಿನ ಸಸಾರಜನಕ ಪ್ರತಿದಿನ ಸ್ವಲ್ಪ ಒಡೆಯುತ್ತದೆ, ಪ್ರತಿದಿನ ಸ್ವಲ್ಪ ಹೊಸದಾಗಿ ಕಟ್ಟಲ್ಪಡುತ್ತದೆ. ಚಿಕ್ಕ ವಯಸ್ಸಿನಲ್ಲಿ ಕಟ್ಟುವ ಕೆಲಸ ಒಂದು ಕೈ ಮೇಲಿರುತ್ತದೆ. ಮೂವತ್ತು ದಾಟಿದ ನಂತರ ಒಡೆಯುವುದು ಮೆಲ್ಲನೆ ಮುಂದಾಗುತ್ತದೆ. ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ಕಡಿಮೆಯಾಗುತ್ತದೆ ಎಂಬುದು ಸಾಮಾನ್ಯ ಅಂದಾಜು. ಗಾತ್ರಕ್ಕಿಂತ ಬೇಗ ಇಳಿಯುವುದು ಶಕ್ತಿ. ಈ ಸ್ಥಿತಿಗೆ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ 1980ರ ದಶಕದ ಕೊನೆಯಲ್ಲಿ ಸಾರ್ಕೊಪೀನಿಯಾ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಸಾರ್ಕ್ಸ್ ಎಂದರೆ ಮಾಂಸ, ಪೆನಿಯಾ ಎಂದರೆ ಬಡತನ. ಕನ್ನಡದಲ್ಲಿ ಮಾಂಸಖಂಡದ ಬಡತನ ಎನ್ನಬಹುದು.

ಈ ಬಡತನ ಗಂಡಸರಿಗೂ ಬರುತ್ತದೆ. ಹೆಂಗಸರ ವಿಷಯದಲ್ಲಿ ವಿಶೇಷವೆಂದರೆ ಋತುಬಂಧದ ಆಸುಪಾಸಿನ ಕೆಲವೇ ವರ್ಷಗಳಲ್ಲಿ ದೇಹದ ಲೆಕ್ಕ ಬದಲಾಗುತ್ತದೆ. ಅಮೆರಿಕದಲ್ಲಿ 1996ರಲ್ಲಿ ಆರಂಭವಾದ ಸ್ವಾನ್ ಎಂಬ ಅಧ್ಯಯನ ಮೂರು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಅದರ ಒಂದು ಭಾಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಮುಟ್ಟು ನಿಲ್ಲುವ ಅವಧಿ ಶುರುವಾದೊಡನೆ ಕೊಬ್ಬು ಸೇರುವ ವೇಗ ಇಮ್ಮಡಿಯಾಗುತ್ತದೆ. ಅಲ್ಲಿಯವರೆಗೆ ಏರುತ್ತಿದ್ದ ಕೊಬ್ಬಿಲ್ಲದ ಭಾಗ ಇಳಿಯತೊಡಗುತ್ತದೆ. ಕೊನೆಯ ಮುಟ್ಟಾಗಿ ಸುಮಾರು ಎರಡು ವರ್ಷದವರೆಗೂ ಹೀಗೇ ನಡೆಯುತ್ತದೆ. ಸ್ವಾರಸ್ಯವೆಂದರೆ ತೂಕ ಮಾತ್ರ ಮೊದಲಿನ ವೇಗದಲ್ಲೇ ನಿಧಾನವಾಗಿ ಏರುತ್ತಿತ್ತು. ತಕ್ಕಡಿಗೆ ಏನೂ ಗೊತ್ತಾಗಲಿಲ್ಲ!

ಇದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ. ನಲವತ್ತಾರರ ವಯಸ್ಸಿನಲ್ಲಿ ಒಬ್ಬ ತಾಯಿಯ ತೂಕ 58 ಕಿಲೋ. ಅದರಲ್ಲಿ ಕೊಬ್ಬು 19 ಕಿಲೋ, ಉಳಿದದ್ದು 39 ಕಿಲೋ. ಕೆಲವು ವರ್ಷಗಳ ನಂತರ ತೂಕ 60 ಕಿಲೋ. "ಎರಡೇ ಕಿಲೋ ಹೆಚ್ಚಾಗಿದೆ, ಚಿಂತೆಯಿಲ್ಲ" ಎನ್ನುತ್ತೇವೆ. ಆದರೆ ಈಗ ಕೊಬ್ಬು 22.5 ಕಿಲೋ, ಉಳಿದದ್ದು 37.5 ಕಿಲೋ. ಅಂದರೆ ಮೂರೂವರೆ ಕಿಲೋ ಕೊಬ್ಬು ಒಳಗೆ ಬಂದಿದೆ, ಒಂದೂವರೆ ಕಿಲೋ ಸ್ನಾಯು ಮೊದಲಾದದ್ದು ಹೊರಗೆ ಹೋಗಿದೆ. ಎರಡು ಘಟನೆಗಳು ನಡೆದಿವೆ. ತಕ್ಕಡಿ ಅವುಗಳನ್ನು ಕೂಡಿಸಿ ಕಳೆದು ಒಂದೇ ಸಂಖ್ಯೆ ಹೇಳಿತು.

ಕಣಜ ಚಿಕ್ಕದಾದರೆ ಭತ್ತ ಎಲ್ಲಿಗೆ?

ಸ್ನಾಯು ಇರುವುದು ಭಾರ ಎತ್ತಲು ಮಾತ್ರ ಎಂದು ನಾವು ತಿಳಿದಿದ್ದೇವೆ. ಅದಕ್ಕೆ ಇನ್ನೊಂದು ದೊಡ್ಡ ಉದ್ಯೋಗವಿದೆ. ಅದು ಸಕ್ಕರೆಯ ಕಣಜ.

ಊಟದ ನಂತರ ಅನ್ನ ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಬರುತ್ತದೆ. ಆರೋಗ್ಯವಂತ ವ್ಯಕ್ತಿಯ ಇಡೀ ರಕ್ತದಲ್ಲಿ ಯಾವ ಹೊತ್ತಿನಲ್ಲಿ ನೋಡಿದರೂ ಇರುವ ಗ್ಲೂಕೋಸ್ ಸುಮಾರು ನಾಲ್ಕೈದು ಗ್ರಾಂ, ಒಂದು ಚಮಚದಷ್ಟು ಮಾತ್ರ. ಹಾಗಾದರೆ ಒಂದು ತಟ್ಟೆ ಅನ್ನದಿಂದ ಬಂದ ಅಷ್ಟೊಂದು ಗ್ಲೂಕೋಸ್ ಎಲ್ಲಿಗೆ ಹೋಯಿತು? ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬಂದು ಬಾಗಿಲು ತೆರೆಸುತ್ತದೆ. ಗ್ಲೂಕೋಸ್ ಜೀವಕೋಶಗಳ ಒಳಗೆ ಹೋಗುತ್ತದೆ. ಹೀಗೆ ಇನ್ಸುಲಿನ್ನಿನ ಕರೆಗೆ ಓಗೊಡುವ ಅಂಗಾಂಶಗಳಲ್ಲಿ ಸ್ನಾಯುವೇ ಅತಿ ದೊಡ್ಡದು. ಯಕೃತ್ತು ಸುಮಾರು ನೂರು ಗ್ರಾಂ ಗ್ಲೂಕೋಸನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಸ್ನಾಯುಗಳೆಲ್ಲ ಸೇರಿ ಅದರ ಮೂರು ನಾಲ್ಕು ಪಟ್ಟು ಕೂಡಿಡಬಲ್ಲವು.

ನೀವು ಕೃಷಿಕರ ಮನೆಯವರಾದರೆ ಈ ಲೆಕ್ಕ ಸುಲಭ. ಸುಗ್ಗಿ ಪ್ರತಿವರ್ಷ ಅಷ್ಟೇ ಬರುತ್ತಿದೆ. ಕಣಜ ಮಾತ್ರ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದೆ. ಭತ್ತ ಅಂಗಳದಲ್ಲೇ ಉಳಿಯುತ್ತದೆ. ದೇಹದಲ್ಲಿ ಆ ಅಂಗಳವೇ ರಕ್ತ. ಒಂದಷ್ಟು ಕೊಬ್ಬಾಗಿ ಪರಿವರ್ತನೆಯಾಗಿ ಹೊಟ್ಟೆಯಲ್ಲಿ ಶೇಖರವಾಗುತ್ತದೆ, ಉಳಿದದ್ದು ರಕ್ತದ ಸಕ್ಕರೆಯ ಮಟ್ಟವನ್ನು ಏರಿಸುತ್ತದೆ.

ಇಲ್ಲಿ ಕೊಬ್ಬಿನ ಜಾಗವೂ ಮುಖ್ಯ. ಈಸ್ಟ್ರೋಜನ್ ಇದ್ದಷ್ಟು ಕಾಲ ಹೆಣ್ಣಿನ ದೇಹ ಕೊಬ್ಬನ್ನು ಸೊಂಟದ ಕೆಳಗೆ, ತೊಡೆಗಳಲ್ಲಿ ಚರ್ಮದಡಿ ಇಟ್ಟುಕೊಳ್ಳುತ್ತದೆ. ಅಲ್ಲಿ ಅದು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಋತುಬಂಧದ ನಂತರ ಅದು ಹೊಟ್ಟೆಯ ಒಳಗೆ, ಕರುಳಿನ ಸುತ್ತ ಸೇರತೊಡಗುತ್ತದೆ. ಈ ಒಳಗೊಬ್ಬು ಸುಮ್ಮನೆ ಕೂರುವುದಿಲ್ಲ. ಇದರಿಂದ ಬಿಡುಗಡೆಯಾದ ಕೊಬ್ಬಿನ ಆಮ್ಲಗಳು ನೇರವಾಗಿ ಯಕೃತ್ತಿಗೆ ಹೋಗುತ್ತವೆ. ಯಕೃತ್ತಿನಲ್ಲಿ ಕೊಬ್ಬು ತುಂಬಿ ಇನ್ಸುಲಿನ್ನಿನ ಮಾತು ಅಲ್ಲಿ ನಡೆಯದಾಗುತ್ತದೆ. ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ದಣಿಯುತ್ತದೆ. ಕೆಟ್ಟ ಕೊಲೆಸ್ಟೆರಾಲ್ ಏರುತ್ತದೆ, ರಕ್ತದೊತ್ತಡ ಏರುತ್ತದೆ. ಹೃದಯಾಘಾತ ಗಂಡಸರ ಕಾಯಿಲೆ ಎಂಬ ನಂಬಿಕೆ ಋತುಬಂಧದ ನಂತರದ ಹೆಂಗಸರ ಮಟ್ಟಿಗೆ ಸುಳ್ಳಾಗುವುದು ಹೀಗೆ.

ನಮ್ಮ ದೇಶದ ಚಿತ್ರವೇನು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ, 20 ವರ್ಷ ಮೇಲ್ಪಟ್ಟ 1.13 ಲಕ್ಷ ಜನರ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಮಧುಮೇಹ ಇರುವವರು ಶೇಕಡಾ 11.4, ಮಧುಮೇಹದ ಹೊಸ್ತಿಲಲ್ಲಿ ಇರುವವರು ಶೇಕಡಾ 15.3. ಎತ್ತರಕ್ಕೆ ತಕ್ಕ ತೂಕದ ಅಳತೆಯಲ್ಲಿ ಬೊಜ್ಜು ಇರುವವರು ಶೇಕಡಾ 28.6, ಆದರೆ ಹೊಟ್ಟೆಯ ಸುತ್ತಳತೆಯ ಲೆಕ್ಕದಲ್ಲಿ ಬೊಜ್ಜು ಇರುವವರು ಶೇಕಡಾ 39.5! ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಗಮನಿಸಿ. ತಕ್ಕಡಿಯಲ್ಲಿ ಸಿಕ್ಕಿಬೀಳದವರು ಟೇಪಿನಲ್ಲಿ ಸಿಕ್ಕಿಬಿದ್ದಿದ್ದಾರೆ.

ಕರ್ನಾಟಕದಲ್ಲಿ ತೂಕ ಹೆಚ್ಚಿರುವ ಅಥವಾ ಬೊಜ್ಜಿರುವ ಮಹಿಳೆಯರ ಪ್ರಮಾಣ 2015-16ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇಕಡಾ 23.3 ಇದ್ದದ್ದು 2019-21ರ ಸಮೀಕ್ಷೆಯಲ್ಲಿ ಶೇಕಡಾ 30.1ಕ್ಕೆ ಏರಿತು. ಇದು 15ರಿಂದ 49 ವರ್ಷದವರ ಲೆಕ್ಕ. ನಾವು ಮಾತನಾಡುತ್ತಿರುವ ತಾಯಂದಿರಲ್ಲಿ ಬಹಳ ಮಂದಿ ಈ ಲೆಕ್ಕದ ಆಚೆಗೇ ಉಳಿದರು ಎಂಬುದನ್ನೂ ನೆನಪಿಡಿ.

"ದಿನವಿಡೀ ದುಡಿಯುವವರಿಗೆ ವ್ಯಾಯಾಮ ಏಕೆ?"

ಇದು ನ್ಯಾಯವಾದ ಪ್ರಶ್ನೆ. ಗದ್ದೆ ನಾಟಿ, ಕಳೆ ಕೀಳುವುದು, ಅಡಿಕೆ ಸುಲಿಯುವುದು, ಕೊಟ್ಟಿಗೆ ಕೆಲಸ, ಸೊಪ್ಪು ಸೌದೆ ತರುವುದು ಇವೆಲ್ಲ ಮಲೆನಾಡಿನ ಹೆಣ್ಣುಮಕ್ಕಳ ದಿನಚರಿ. ಇದರಿಂದ ದೇಹಕ್ಕೆ ಒಳ್ಳೆಯದೇ ಆಗುತ್ತದೆ. ಆದರೂ ಮೂರು ಸಂಗತಿಗಳನ್ನು ಯೋಚಿಸಬೇಕು.

ಮೊದಲನೆಯದು, ಕೆಲಸದ ಸ್ವರೂಪ ಬದಲಾಗಿದೆ. ಬಾವಿಯಿಂದ ನೀರು ಸೇದುವುದು, ಒರಳಿನಲ್ಲಿ ರುಬ್ಬುವುದು, ಭತ್ತ ಕುಟ್ಟುವುದು, ಬೀಸುವ ಕಲ್ಲು ತಿರುಗಿಸುವುದು ಇವು ತೋಳು, ಬೆನ್ನು, ತೊಡೆಗಳಿಗೆ ಭಾರ ಕೊಡುತ್ತಿದ್ದ ಕೆಲಸಗಳು. ಪಂಪು, ಮಿಕ್ಸಿ, ಅಕ್ಕಿ ಗಿರಣಿ ಬಂದು ಆ ಕಷ್ಟ ತಪ್ಪಿಸಿದವು. ತಪ್ಪಿಸಿದ್ದು ಒಳ್ಳೆಯದೇ, ಆದರೆ ಸ್ನಾಯುವಿಗೆ ಸಿಗುತ್ತಿದ್ದ ಭಾರವೂ ತಪ್ಪಿತು.

ಎರಡನೆಯದು, ದಣಿವು ಬೇರೆ, ಬಲ ಬೇರೆ. ಒಂದೇ ಬಗೆಯ ಹಗುರ ಕೆಲಸವನ್ನು ಗಂಟೆಗಟ್ಟಲೆ ಕುಳಿತು ಅಥವಾ ಬಗ್ಗಿ ಮಾಡಿದರೆ ಸೊಂಟ ನೋಯುತ್ತದೆ, ಮೈ ದಣಿಯುತ್ತದೆ. ಸ್ನಾಯು ಮಾತ್ರ ಬೆಳೆಯುವುದಿಲ್ಲ. ತಾನು ರೂಢಿಯಾಗಿ ಎತ್ತುವುದಕ್ಕಿಂತ ಸ್ವಲ್ಪ ಹೆಚ್ಚು ಭಾರ ಬಿದ್ದಾಗ ಮಾತ್ರ ಸ್ನಾಯು "ಇನ್ನಷ್ಟು ಕಟ್ಟಬೇಕು" ಎಂಬ ಸೂಚನೆ ಪಡೆಯುತ್ತದೆ.

ಮೂರನೆಯದು, ಐವತ್ತರ ಹೊತ್ತಿಗೆ ಮಂಡಿ ನೋವು ಬರುತ್ತದೆ. ಗದ್ದೆಗೆ ಇಳಿಯುವುದು ನಿಲ್ಲುತ್ತದೆ. ಸೊಸೆ ಬಂದ ಮೇಲೆ "ನೀವು ಕೂತುಕೊಳ್ಳಿ ಅತ್ತೆ" ಎಂಬ ಗೌರವದ ಮಾತು ಬರುತ್ತದೆ. ಕೆಲಸ ಅರ್ಧವಾಗುತ್ತದೆ, ಮೂರು ಹೊತ್ತಿನ ಅನ್ನ ಹಾಗೇ ಇರುತ್ತದೆ. ಈಸ್ಟ್ರೋಜನ್ ಹೋದ ಕಾಲಕ್ಕೇ ಸರಿಯಾಗಿ ಭಾರದ ಕೆಲಸವೂ ಹೋಗುತ್ತದೆ. ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ.

ತಟ್ಟೆಯಲ್ಲಿ ಏನಿದೆ?

ಸ್ನಾಯು ಕಟ್ಟಲು ಇಟ್ಟಿಗೆ ಬೇಕು. ಆ ಇಟ್ಟಿಗೆಯೇ ಸಸಾರಜನಕ, ಅಂದರೆ ಪ್ರೋಟೀನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಬೇಕು. 55 ಕಿಲೋ ತೂಕದ ಮಹಿಳೆಗೆ ಇದು ಸುಮಾರು 46 ಗ್ರಾಂ. ವಯಸ್ಸಾದವರಿಗೆ ಕಿಲೋಗೆ 1 ಗ್ರಾಂಗಿಂತ ತುಸು ಹೆಚ್ಚೇ ಇರಲಿ ಎನ್ನುವ ತಜ್ಞರೂ ಇದ್ದಾರೆ.

ಈಗ ಒಂದು ದಿನದ ಊಟ ಲೆಕ್ಕ ಹಾಕಿ. 300 ಗ್ರಾಂ ಅಕ್ಕಿಯಲ್ಲಿ ಸುಮಾರು 24 ಗ್ರಾಂ, 30 ಗ್ರಾಂ ತೊಗರಿಬೇಳೆಯಲ್ಲಿ ಆರೂವರೆ ಗ್ರಾಂ, ಒಂದು ಲೋಟ ಮಜ್ಜಿಗೆಯಲ್ಲಿ ಒಂದೆರಡು ಗ್ರಾಂ ಸಸಾರಜನಕ ಇರುತ್ತದೆ. ಒಟ್ಟು 32, 33 ಗ್ರಾಂ. ಹದಿಮೂರು ಗ್ರಾಂ ಕೊರತೆ. ಇದಕ್ಕೆ ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾ ಸೇರಿಸಿದರೆ 7 ಗ್ರಾಂ. ಒಂದು ಲೋಟ ಹಾಲು ಸೇರಿಸಿದರೆ 6 ಗ್ರಾಂ. ಕೊರತೆ ತುಂಬಿತು. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಿಂದ ಆರೂವರೆ ಗ್ರಾಂ ಸಿಗುತ್ತದೆ. ಹುರುಳಿ, ಹೆಸರು, ಅಲಸಂದೆ, ಕಡಲೆ, ಮೀನು ಯಾವುದಾದರೂ ಸರಿಯೇ.

ಅನ್ನದ ಸಸಾರಜನಕಕ್ಕೆ ಒಂದು ದೋಷವೂ ಇದೆ. ಅದರಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಅನುರ ಕುರ್ಪಾಡ್ ಮತ್ತು ಅವರ ಸಹೋದ್ಯೋಗಿಗಳು 2000ದ ಆಸುಪಾಸಿನಲ್ಲಿ ಭಾರತೀಯರ ಮೇಲೆಯೇ ಪ್ರಯೋಗ ನಡೆಸಿ, ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಗ್ರಾಂ ಲೈಸೀನ್ ಬೇಕೆಂದು ತೋರಿಸಿದರು. ಅಲ್ಲಿಯವರೆಗೆ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದ್ದದ್ದು ಇದಕ್ಕಿಂತ ಬಹಳ ಕಡಿಮೆ. ಬೇಳೆಕಾಳುಗಳಲ್ಲಿ ಲೈಸೀನ್ ಧಾರಾಳವಾಗಿದೆ. ಅನ್ನದ ಜೊತೆ ಬೇಳೆ ಎಂಬ ನಮ್ಮ ಹಿರಿಯರ ಜೋಡಿ ವಿಜ್ಞಾನಕ್ಕೆ ಒಪ್ಪುವಂಥದು.

ಆದರೆ ಆ ಬೇಳೆ ಯಾರ ತಟ್ಟೆಗೆ ಬೀಳುತ್ತದೆ? ಬಹಳ ಮನೆಗಳಲ್ಲಿ ತಾಯಿ ಊಟಕ್ಕೆ ಕೂರುವುದು ಎಲ್ಲರದೂ ಮುಗಿದ ಮೇಲೆ. ಹುಳಿಯ ತಳದ ಬೇಳೆ, ತರಕಾರಿ ಅಷ್ಟರಲ್ಲಿ ಖಾಲಿ. ಉಳಿದದ್ದು ತಿಳಿ ಸಾರು. ಹಸಿವು ನೀಗಲು ಇನ್ನೊಂದು ಸೌಟು ಅನ್ನ. ಹೀಗೆ ಹೊಟ್ಟೆ ತುಂಬುತ್ತದೆ, ಸ್ನಾಯುವಿಗೆ ಇಟ್ಟಿಗೆ ಸಿಗುವುದಿಲ್ಲ. ವರ್ಷಗಟ್ಟಲೆ ನಡೆದ ಈ ಪದ್ಧತಿಯ ಫಲವೇ "ಮೈ ಇದೆ, ಕಸುವಿಲ್ಲ" ಎಂಬುದರ ಒಂದು ಭಾಗ. ಬರೀ ಹಾರ್ಮೋನಿನ ಮೇಲೆ ತಪ್ಪು ಹೊರಿಸಿ ನಾವು ಪಾರಾಗುವಂತಿಲ್ಲ.

ಉಪವಾಸ ಉತ್ತರವಲ್ಲ

ಬೊಜ್ಜು ಬಂದಿದೆ ಎಂದು ಗೊತ್ತಾದಾಗ ಹೆಚ್ಚಿನವರು ಮೊದಲು ಮಾಡುವುದು ಊಟ ಬಿಡುವುದು. ಊಟ ಬಿಟ್ಟರೆ ತೂಕ ಇಳಿಯುತ್ತದೆ, ನಿಜ. ಇಳಿದದ್ದರಲ್ಲಿ ಸ್ನಾಯುವಿನ ಪಾಲು ಎಷ್ಟು ಎಂದು ಕೇಳಬೇಕು. ಅಮೆರಿಕದಲ್ಲಿ ಬೊಜ್ಜಿರುವ ಹಿರಿಯರ ಮೇಲೆ ನಡೆಸಿದ ಒಂದು ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಊಟ ಮಿತಗೊಳಿಸಿ ನಡಿಗೆಯಂಥ ವ್ಯಾಯಾಮವನ್ನಷ್ಟೇ ಮಾಡಿದವರು ಕೊಬ್ಬಿಲ್ಲದ ಭಾಗದ ಶೇಕಡಾ 5ರಷ್ಟನ್ನು ಕಳೆದುಕೊಂಡರು. ಭಾರ ಎತ್ತುವ ವ್ಯಾಯಾಮ ಮಾಡಿದವರು ಕಳೆದುಕೊಂಡದ್ದು ಶೇಕಡಾ 2, ಎರಡನ್ನೂ ಮಾಡಿದವರು ಶೇಕಡಾ 3. ನಿತ್ಯ ಜೀವನದ ಕೆಲಸಗಳಲ್ಲಿ ಹೆಚ್ಚು ಸುಧಾರಣೆ ಕಂಡವರು ಎರಡನ್ನೂ ಮಾಡಿದವರು. ಈಗ ಬಂದಿರುವ ತೂಕ ಇಳಿಸುವ ಚುಚ್ಚುಮದ್ದುಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

"ಈ ವಯಸ್ಸಿನಲ್ಲಿ ಸ್ನಾಯು ಬೆಳೆಯುತ್ತದೆಯೇ?" ಎಂದು ಕೇಳುವವರಿಗೆ ಉತ್ತರ 1990ರಲ್ಲೇ ಸಿಕ್ಕಿದೆ. ಬಾಸ್ಟನ್ನಿನ ಒಂದು ವೃದ್ಧಾಲಯದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲರಿಗೆ ಎಂಟು ವಾರ ತೊಡೆಯ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡಿಸಿದರು. ಪೂರ್ಣಗೊಳಿಸಿದ ಒಂಬತ್ತು ಮಂದಿಯ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ತೊಂಬತ್ತಕ್ಕೆ ಆಗುವುದು ಐವತ್ತೈದಕ್ಕೆ ಆಗದೇ?

ಇನ್ನೊಂದು ಒಳ್ಳೆಯ ಸುದ್ದಿ. ಸ್ನಾಯು ಸಂಕುಚಿಸಿದಾಗ ಇನ್ಸುಲಿನ್ ಇಲ್ಲದೆಯೂ ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಂಬಾಗಿಲು ಬಿಗಿದುಕೊಂಡಾಗ ಹಿತ್ತಿಲ ಬಾಗಿಲು ತೆರೆದಂತೆ. ಊಟದ ನಂತರ ಹದಿನೈದು ನಿಮಿಷ ನಡೆದರೂ ಸಕ್ಕರೆ ಏರುವುದು ತಗ್ಗುವುದು ಇದೇ ಕಾರಣಕ್ಕೆ.

ಮನೆಯಲ್ಲೇ ಮಾಡಬಹುದಾದ ಮೂರು ಅಳತೆ

ಹೊಲಿಗೆಯ ಟೇಪು, ಕೈಯಿಲ್ಲದ ಒಂದು ಗಟ್ಟಿ ಕುರ್ಚಿ, ಗಡಿಯಾರ ಇಷ್ಟು ಸಾಕು.

ಒಂದು: ಸೊಂಟದ ಸುತ್ತಳತೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆಯಬೇಕು. ಭಾರತೀಯ ಮಹಿಳೆಗೆ 80 ಸೆಂಟಿಮೀಟರ್ ಗಡಿ. ಅದನ್ನು ಮೀರಿದರೆ ಎಚ್ಚರ.

ಎರಡು: ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆ. ಏಷ್ಯಾದ ತಜ್ಞರ ತಂಡ 2019ರಲ್ಲಿ ಸೂಚಿಸಿದಂತೆ ಮಹಿಳೆಯರಲ್ಲಿ ಇದು 33 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸ್ನಾಯು ಕಡಿಮೆಯಾಗಿರಬಹುದೆಂಬ ಶಂಕೆ.

ಮೂರು: ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಬಾರಿ ಎದ್ದು ಕೂರುವುದು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಸಾಮರ್ಥ್ಯ ತಗ್ಗಿದೆ ಎಂದರ್ಥ. ಪಕ್ಕದಲ್ಲಿ ನೀವು ನಿಂತಿರಿ. ಬೀಳುವ ಭಯವಿದ್ದರೆ ಮಾಡಿಸಬೇಡಿ.

ಇವು ರೋಗನಿರ್ಣಯವಲ್ಲ, ಸೂಚನೆ ಮಾತ್ರ. ಮೂವತ್ತು ದಾಟಿದವರ ಮನೆಗೆ ಬರುವ ಆಶಾ ಕಾರ್ಯಕರ್ತೆಯ ನಮೂನೆಯಲ್ಲಿಯೂ ಸೊಂಟದ ಸುತ್ತಳತೆಯ ಕಾಲಂ ಇದೆ ಎಂಬುದು ಬಹಳ ಜನಕ್ಕೆ ತಿಳಿಯದು. ಅವರು ಬಂದಾಗ ಅಳೆಸಿಕೊಳ್ಳಲು ತಾಯಿಗೆ ಹೇಳಿ. ಉಪಕೇಂದ್ರದಲ್ಲಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆಯ ಪರೀಕ್ಷೆ ಮಾಡಿಸಿ.

ಇನ್ನು ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು: ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಅದರ ಜೊತೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಜಿಮ್ಮು ಬೇಕಿಲ್ಲ. ಕುರ್ಚಿಯಿಂದ ಹತ್ತು ಬಾರಿ ಏಳುವುದು. ಗೋಡೆಗೆ ಕೈಯೂರಿ ಮೈಯನ್ನು ಹಿಂದೆ ಮುಂದೆ ತಳ್ಳುವುದು. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತುವುದು. ಎರಡು ಕಿಲೋ ಅಕ್ಕಿಯ ಚೀಲಗಳನ್ನು ಎರಡು ಕೈಯಲ್ಲಿ ಹಿಡಿದು ಎತ್ತಿ ಇಳಿಸುವುದು. ಸುಲಭವಾದಾಗ ಭಾರವನ್ನೋ ಸಂಖ್ಯೆಯನ್ನೋ ಸ್ವಲ್ಪ ಏರಿಸಬೇಕು. ಗುಟ್ಟು ಇರುವುದು ಈ ಏರಿಸುವುದರಲ್ಲಿ.

ಎದೆನೋವು, ಹತೋಟಿಯಿಲ್ಲದ ರಕ್ತದೊತ್ತಡ, ಮೂಳೆ ಸವೆತ ಇದ್ದವರು ವೈದ್ಯರನ್ನು ಕೇಳಿಯೇ ಆರಂಭಿಸಲಿ. ಮೂತ್ರಪಿಂಡದ ತೊಂದರೆ ಇದ್ದವರು ಸಸಾರಜನಕ ಹೆಚ್ಚಿಸುವ ಮುನ್ನವೂ ಹಾಗೆಯೇ. ಮೈ ಬಿಸಿಯೇರಿ ಬೆವರುವುದು, ನಿದ್ದೆ ಬಾರದಿರುವುದು ಬಹಳ ಕಾಡಿದರೆ ಹಾರ್ಮೋನ್ ಚಿಕಿತ್ಸೆ ಉಂಟು. ಯಾರಿಗೆ ಕೊಡಬೇಕು ಎಂಬುದು ವೈದ್ಯರ ತೀರ್ಮಾನ, ಅದು ತೂಕ ಇಳಿಸುವ ಔಷಧವಲ್ಲ. ಮುಟ್ಟು ನಿಂತು ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ ಅದನ್ನು "ಮತ್ತೆ ಮುಟ್ಟಾಯಿತು" ಎಂದು ಬಿಡಬಾರದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಪಾಲಿನ ಕೆಲಸ

ಇದರಲ್ಲಿ ನಿಮಗೇನು ಲಾಭ ಎಂದು ಕಾಲೇಜು ವಿದ್ಯಾರ್ಥಿನಿಯರು ಕೇಳಬಹುದು. ಮೂಳೆ ಮತ್ತು ಸ್ನಾಯುಗಳ ಉಳಿತಾಯ ಖಾತೆ ತುಂಬುವುದು ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ. ಈಗ ಬೆಳಗಿನ ತಿಂಡಿ ಬಿಟ್ಟು, ಆಟದ ಬಯಲಿನಿಂದ ದೂರವಿದ್ದು, ತೆಳ್ಳಗಿದ್ದೇನೆ ಎಂದು ಸಮಾಧಾನಪಟ್ಟರೆ ಐವತ್ತರಲ್ಲಿ ಖರ್ಚಿಗೆ ಏನೂ ಉಳಿದಿರುವುದಿಲ್ಲ.

ಮನೆಯ ಮಟ್ಟಿಗೆ ಮೂರೇ ಕೆಲಸ. ಈ ಭಾನುವಾರ ತಾಯಿಯ, ಅಜ್ಜಿಯ ಮೂರು ಅಳತೆಗಳನ್ನು ತೆಗೆದು ನೋಟ್‌ಬುಕ್ಕಿನಲ್ಲಿ ದಿನಾಂಕದೊಂದಿಗೆ ಬರೆದಿಡಿ. ವಾರಕ್ಕೆ ಎರಡು ಸಂಜೆ ಅವರ ಜೊತೆ ನೀವೂ ಕುರ್ಚಿಯ ವ್ಯಾಯಾಮ ಮಾಡಿ. ಒಬ್ಬರೇ ಮಾಡಲು ಅವರು ಸಂಕೋಚಪಡುತ್ತಾರೆ. ಊಟಕ್ಕೆ ತಾಯಿಯನ್ನೂ ಎಲ್ಲರ ಜೊತೆಗೆ ಕೂರಿಸಿ, ತಳದ ಬೇಳೆಯನ್ನು ಮೊದಲ ಸೌಟಿಗೇ ಅವರ ತಟ್ಟೆಗೆ ಬಡಿಸಿ.

ಆರು ತಿಂಗಳ ನಂತರ ಮತ್ತೆ ಅಳೆಯಿರಿ. ತೂಕ ಅಷ್ಟೇ ಇದ್ದರೂ ಬೇಸರಪಡಬೇಡಿ. ಹದಿನಾಲ್ಕು ಸೆಕೆಂಡು ಹಿಡಿಯುತ್ತಿದ್ದದ್ದು ಹನ್ನೊಂದಕ್ಕೆ ಇಳಿದಿದ್ದರೆ, ಸೊಂಟದ ಟೇಪು ಎರಡು ಸೆಂಟಿಮೀಟರ್ ಹಿಂದೆ ಸರಿದಿದ್ದರೆ, ನಿಮ್ಮ ಪ್ರಯೋಗ ಫಲಿಸಿದೆ ಎಂದೇ ತಿಳಿಯಿರಿ.